ಜುಟ್ಟಿಲ್ಲದ ಕೋಳಿಗಳ ಊರಿಗೆ

ವರ್ಕಾಡಿ

ನನ್ನ ಅಕ್ಕ ಜೂಲಿಯಾನಾ ಮೂವತ್ತೈದು ವರ್ಷ ಊರಿಗೆ, ಕಾಸರಗೋಡು ಬದಿಯ ಈ ವರ್ಕಾಡಿಗೆ, ಬರಲಿಲ್ಲ. ಯಾಕೆ ಬರುವುದಿಲ್ಲ ಎಂದು ಕೇಳಿದಾಗಲೆಲ್ಲ ಅವಳು ಬರೆಯುತ್ತಿದ್ದ ಕಾರಣ ಒಂದೇ: ಕೋಳಿಗಳಿವೆ, ಬಿಟ್ಟು ಬರುವ ಹಾಗಿಲ್ಲ.

ಅವಳು ಸಿಸ್ಟರ್ ಆಗಲು ಮಂಗಳೂರಿನ ಒಂದು ಕಾನ್ವೆಂಟಿಗೆ ಸೇರಿದವಳು. ಆ ಕಾನ್ವೆಂಟಿನವರ ಇನ್ನೊಂದು ಮಠ ಕೆನಡಾದಲ್ಲಿ, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಹೊಲ, ತೋಟ, ದನ, ಕೋಳಿ ಎಲ್ಲ ಇದ್ದು, ದುಡಿಯುವ ಕೈಗಳು ಬೇಕಾಗಿದ್ದವು. 1962ರಲ್ಲಿ, ಇಪ್ಪತ್ತಮೂರು ತುಂಬಿದ ವರ್ಷ, ಅಕ್ಕನನ್ನು ಅಲ್ಲಿಗೆ ಕಳುಹಿಸಿದರು. ನಾನು ಆಗ ಟೀಚರ್ ಟ್ರೈನಿಂಗಿನಲ್ಲಿದ್ದೆ. ಅವಳನ್ನು ಬಸ್ಸು ಹತ್ತಿಸಿ ಬಂದ ಅಮ್ಮ ಆ ಸಂಜೆ ಕೋಳಿಗಳಿಗೆ ತೌಡು ಹಾಕುವುದನ್ನು ಮರೆತರು. ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಎಂದೂ ಹಾಗೆ ಆಗಿರಲಿಲ್ಲ.

ತಿಂಗಳಿಗೊಂದು ನೀಲಿ ಕಾಗದ ಬರುತ್ತಿತ್ತು. ಅದನ್ನು ಅಮ್ಮನಿಗೆ ಓದಿ ಹೇಳುವುದು ನನ್ನ ಕೆಲಸ. ‘ನಿನ್ನೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ ಹೋಗಿತ್ತು. ಬಾವಿಯ ಪಂಪು ಕಲ್ಲಾಯಿತು. ಆದರೂ ನನ್ನ ಕೋಳಿಗಳು ಹನ್ನೊಂದು ಮೊಟ್ಟೆ ಇಟ್ಟವು.’ ಇಂಥದೇ. ಅಮ್ಮ ಕೊನೆಯ ತನಕ ಕೇಳಿ, “ಅವಳ ಕೈ ಹೇಗುಂಟು ಅಂತ ಬರ್ದಿದ್ದಾಳಾ? ಚಳಿಗೆ ಒಡೆದಿರ್ಬಹುದು,” ಎನ್ನುತ್ತಿದ್ದರು. ಬರೆದಿರುತ್ತಿರಲಿಲ್ಲ.

1989ರಲ್ಲಿ ಅಮ್ಮ ಹಾಸಿಗೆ ಹಿಡಿದರು. ಟೆಲಿಗ್ರಾಮ್ ಕೊಟ್ಟೆವು. ಅಮ್ಮ ಮೂರು ದಿನ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದರು. ಅಕ್ಕ ಬರಲಿಲ್ಲ. ಅಡಕ್ಕಕ್ಕೂ, ಎಂದರೆ ಮಣ್ಣು ಕೊಡುವುದಕ್ಕೂ, ಬರಲಿಲ್ಲ. ಒಂದು ವರ್ಷ ನಾನು ಅವಳಿಗೆ ಪತ್ರ ಬರೆಯಲಿಲ್ಲ. ಆಮೇಲೆ ಬರೆದೆ. ಆದರೆ ಸಿಟ್ಟು ಹಾಗೆಯೇ ಇತ್ತು.

1997ರ ಮಾರ್ಚಿನಲ್ಲಿ ನಾನು ಶಾಲೆಯಿಂದ ನಿವೃತ್ತಳಾದೆ. ಅದೇ ವರ್ಷ ಅಕ್ಕನ ಒಂದು ಪತ್ರದಲ್ಲಿ ಕೋಳಿಗಳ ಸುದ್ದಿಯ ಮಧ್ಯೆ ಎರಡು ಸಾಲು ಇತ್ತು. ಅವರ ಮಠದಲ್ಲಿ ಈಗ ಉಳಿದಿರುವುದು ಒಂಬತ್ತು ಮುದುಕಿ ಸಿಸ್ಟರುಗಳು. ಮುಂದಿನ ವರ್ಷದ ಆಗಸ್ಟಿಗೆ ಮಠ ಮುಚ್ಚುತ್ತದೆ. ಹೊರದೇಶದವರು ಬೇಕಾದರೆ ತಮ್ಮ ದೇಶದ ಕಾನ್ವೆಂಟಿಗೆ ಹೋಗಬಹುದು. ‘ನೀನು ಬರುತ್ತೀಯಾ?’ ಎಂದು ನಾನು ಮೂರು ಪತ್ರಗಳಲ್ಲಿ ಕೇಳಿದೆ. ಮೂರಕ್ಕೂ ಉತ್ತರ ಬಂತು. ಮೂರರಲ್ಲೂ ಕೋಳಿ.

“ನಾನೇ ಹೋಗಿ ಕರ್ಕೊಂಡು ಬರ್ತೇನೆ,” ಎಂದೆ.

ಬಂದ್ಯೋಡಿನಲ್ಲಿ ಪೈಂಟ್ ಅಂಗಡಿ ಇಟ್ಟಿರುವ ತಮ್ಮ ವಿಕ್ಟರ್ ನಕ್ಕುಬಿಟ್ಟ. “ಅಲ್ಲ ಮಾರಾಯ್ತಿ, ಕಾಸರಗೋಡಿಗೆ ಹೋಗ್ಲಿಕ್ಕೇ ನಿಂಗೆ ಜೊತೆಗೆ ಜನ ಬೇಕು. ಕೆನಡಾಕ್ಕೆ ಒಬ್ಳೇ ಹೋಗ್ತೀಯಾ? ಅದೂ ಜನವರಿಯಲ್ಲಿ?”

“ಚಳಿಗಾಲದಲ್ಲೇ ಹೋಗ್ಬೇಕು. ಅವಳನ್ನು ಹಿಡ್ಕೊಂಡಿರೋ ಕೋಳಿ ಎಂತದ್ದು ಅಂತ ನೋಡ್ಬೇಕಲ್ಲ,” ಎಂದೆ. ನಮ್ಮ ಮನೆಯಲ್ಲೂ ನಲವತ್ತು ಊರಕೋಳಿಗಳಿದ್ದವು. ಅವುಗಳನ್ನು ಯಜಮಾನರಿಗೆ ಒಪ್ಪಿಸಿ ಹೊರಟೆ.

ಮೋಂಟ್ರಿಯಲ್

ವಿಮಾನದಲ್ಲಿ ಒಂದು ಫಾರ್ಮು ಕೊಟ್ಟರು. ಕಳೆದ ಕೆಲವು ದಿನಗಳಲ್ಲಿ ಜಾನುವಾರು, ಕೋಳಿ ಇರುವ ಜಾಗಕ್ಕೆ ಹೋಗಿದ್ದೀರಾ ಎಂದು ಅದರಲ್ಲಿ ಪ್ರಶ್ನೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ನಾನು. ಹೌದು ಎಂದು ಗುರುತು ಹಾಕಿದೆ.

ಇಳಿದ ಮೇಲೆ ಆ ಒಂದು ಗುರುತಿಗಾಗಿ ನನ್ನನ್ನು ಬೇರೆ ಸಾಲಿಗೆ ಕಳುಹಿಸಿದರು. ಅಲ್ಲಿದ್ದ ಅಧಿಕಾರಿ ನನ್ನ ಮೊಮ್ಮಗನಾಗುವಷ್ಟು ಚಿಕ್ಕವನಲ್ಲದಿದ್ದರೂ ನನ್ನ ಶಿಷ್ಯನಾಗುವ ಪ್ರಾಯದವನು.

“ನಿಮ್ಮ ಮನೆಯಲ್ಲಿ ಎಷ್ಟು ಕೋಳಿಗಳಿವೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ನಲವತ್ತು. ಹೊರಡುವ ಬೆಳಿಗ್ಗೆ ನಲವತ್ತೊಂದು ಇತ್ತು.”

“ಒಂದು ಏನಾಯಿತು? ಕಾಯಿಲೆಯೇ?” ಅವನ ಮುಖ ಗಂಭೀರವಾಯಿತು.

“ಇಲ್ಲ. ನನ್ನನ್ನು ಕಳಿಸಿಕೊಡಲು ನೆಂಟರು ಬಂದಿದ್ದರು,” ಎಂದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗಲಿಲ್ಲ, ಆದರೆ ಬಾಯಿಯ ಒಂದು ಮೂಲೆ ಅಲುಗಿತು. ನನ್ನ ಚಪ್ಪಲಿ ಬಿಚ್ಚಿಸಿ, ಅಡಿಯನ್ನು ಏನೋ ನೀರಿನಲ್ಲಿ ತಿಕ್ಕಿ ತೊಳೆದುಕೊಟ್ಟ. ಅಕ್ಕನಿಗೆಂದು ತಂದ ಒಣ ಸಿಗಡಿಯ ಕಟ್ಟನ್ನು ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಕಸದ ಡಬ್ಬಕ್ಕೆ ಹಾಕಿದ. ಹಲಸಿನ ಹಪ್ಪಳವನ್ನು ಬೆಳಕಿಗೆ ಹಿಡಿದು, “ಇದು ಯಾವ ಪ್ರಾಣಿಯ ಚರ್ಮ?” ಎಂದ. ಹಣ್ಣಾಗುವ ಮೊದಲು ಕೊಯ್ದ ಕಾಯಿಯಿಂದ ಮಾಡಿದ್ದೆಂದು ವಿವರಿಸಿ ಅದನ್ನು ಉಳಿಸಿಕೊಂಡೆ. ಒದ್ದೆ ಚಪ್ಪಲಿ, ಉಣ್ಣೆಯ ಕಾಲುಚೀಲ, ಸೀರೆಯ ಮೇಲೆ ವಿಕ್ಟರ್ ಕೊಡಿಸಿದ ಕೋಟು. ಹೀಗೆ ಕೆನಡಾ ದೇಶದ ಒಳಗೆ ಕಾಲಿಟ್ಟೆ.

ಹೊರಗೆ ಕಾಯುತ್ತಿದ್ದವರ ಸಾಲಿನಲ್ಲಿ ನಾನು ಬಿಳಿ ಬಟ್ಟೆಯ ಸಿಸ್ಟರನ್ನು ಹುಡುಕುತ್ತಿದ್ದೆ. ಹಾಗೆ ಯಾರೂ ಇರಲಿಲ್ಲ. ಮಂಡಿಯವರೆಗೆ ಬರುವ ರಬ್ಬರು ಬೂಟು, ಪ್ಯಾಂಟು, ಗಂಡಸರ ಜಾಕೆಟು ತೊಟ್ಟ ಕುಳ್ಳ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದ ಚರ್ಮ ಗಾಳಿಗೆ ಒಣಗಿ ಬಿರುಸಾಗಿತ್ತು. ನಾನು ಅವಳನ್ನು ದಾಟಿ ಮುಂದೆ ಹೋದೆ.

“ಐರಿನ್,” ಎಂದು ಹಿಂದಿನಿಂದ ಅಮ್ಮನ ಸ್ವರ ಕೇಳಿತು.

ತಿರುಗಿದೆ. ಸ್ವರ ಆ ಬೂಟಿನ ಹೆಂಗಸಿನದು. ಕೊಂಕಣಿಯಲ್ಲಿ ಅಕ್ಕನನ್ನು ನಾವು ಬಾಯ್ ಎನ್ನುತ್ತೇವೆ. “ಬಾಯ್,” ಎಂದೆ. ಮೂವತ್ತೈದು ವರ್ಷ ಬೈಯಲೆಂದು ಕೂಡಿಟ್ಟ ಮಾತುಗಳಲ್ಲಿ ಒಂದೂ ಹತ್ತಿರ ಬರಲಿಲ್ಲ. ಅವಳು ನನ್ನ ಕೈಗಳನ್ನು ಹಿಡಿದುಕೊಂಡು, “ಊಟ ಎಂತ ಕೊಟ್ರು ವಿಮಾನದಲ್ಲಿ?” ಎಂದು ಕೇಳಿದಳು. ಅವಳ ಕೈ ಒಡೆದಿತ್ತು. ಬೆರಳುಗಳ ಗಂಟಿನಲ್ಲೆಲ್ಲ ಹಳೆಯ ಸೀಳುಗಳು. ಅಮ್ಮ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ತಿಳಿಸಲು ಅಮ್ಮ ಇರಲಿಲ್ಲ.

ಮಠ

ನಮ್ಮನ್ನು ಕರೆದೊಯ್ದವನು ಮಠದ ಪಕ್ಕದ ಜಮೀನಿನ ರೈತ ಜೆರಾರ್, ಅರವತ್ತರ ದೊಡ್ಡ ಆಳು. ಅವನ ಪಿಕಪ್ಪಿನಲ್ಲಿ ದಕ್ಷಿಣಕ್ಕೆ ಒಂದೂವರೆ ಗಂಟೆಯ ದಾರಿ. ಎರಡೂ ಬದಿಗೆ ಬಿಳಿ ಬಯಲು, ನಡುವೆ ಒಂದೊಂದು ಮನೆ. ಅವನು ದಾರಿಯುದ್ದಕ್ಕೂ ಫ್ರೆಂಚಿನಲ್ಲಿ ಮಾತಾಡಿದ, ಅಕ್ಕ ಫ್ರೆಂಚಿನಲ್ಲೇ ಜಗಳಾಡಿದಳು.

“ಎಂತ ಹೇಳ್ತಾನೆ?”

“ನನ್ನ ಕೋಳಿಗಳನ್ನು ಮ್ಯೂಸಿಯಮ್ಮಿಗೆ ಕೊಡ್ಬೇಕಂತೆ. ಅವನ ಹತ್ರ ಎರಡು ದೊಡ್ಡ ಶೆಡ್ ಉಂಟು. ಎಲ್ಲ ಮೊಟ್ಟೆ ಕೋಳಿ, ಕಂಪೆನಿಯದ್ದು. ನನ್ನ ಕೋಳಿ ವಾರಕ್ಕೆ ನಾಲ್ಕು ಇಡುವಾಗ ಅವನದ್ದು ಆರು ಇಡ್ತದೆ. ಇಪ್ಪತ್ತು ವರ್ಷದಿಂದ ಇದೇ ಮಾತು.”

ಮಠ ಎಂದರೆ ಬೂದು ಕಲ್ಲಿನ ಮೂರು ಮಾಳಿಗೆಯ ಕಟ್ಟಡ. ಎಂಬತ್ತು ಜನರಿಗೆಂದು ಕಟ್ಟಿದ್ದರಲ್ಲಿ ಒಂಬತ್ತು ಮಂದಿ. ಬಾಗಿಲಲ್ಲೇ ಬೂಟು ಕಳಚಿಟ್ಟು ಒಳಗೆ ಹೋಗುತ್ತಾರೆ, ಥೇಟ್ ನಮ್ಮ ಹಾಗೆ. ಅಷ್ಟು ಕಂಡದ್ದೇ ನನಗೆ ಸಮಾಧಾನವಾಯಿತು. ಎಲ್ಲರಿಗಿಂತ ಹಿರಿಯರು ಸಿಸ್ಟರ್ ಬ್ಲಾಂಶ್, ಎಂಬತ್ತೇಳು ವರ್ಷ, ಕಣ್ಣು ಕಾಣದು. ಅಕ್ಕನಿಗೆ ಕೋಳಿ ಸಾಕಲು ಕಲಿಸಿದವರು ಅವರೇ. ಅವರು ನನ್ನ ಮುಖವನ್ನು ಎರಡೂ ಕೈಯಿಂದ ತಡವಿ ನೋಡಿ ಏನೋ ಹೇಳಿದರು. ಎಲ್ಲರೂ ನಕ್ಕರು. “ಇವಳಿಗೆ ನಿನ್ನಂಥದೇ ಹಟದ ಗಲ್ಲ ಅಂತಾರೆ,” ಎಂದು ಅಕ್ಕ ಅನುವಾದಿಸಿದಳು.

ಸಿಸ್ಟರುಗಳಿಗೆಲ್ಲ ನನ್ನ ಊರಿನ ಬಗ್ಗೆ ಬಹಳ ಕುತೂಹಲ. ನಿಮ್ಮಲ್ಲಿ ಚಳಿಗಾಲ ಉಂಟೇ ಎಂದು ಕೇಳಿದರು. ಉಂಟು, ಡಿಸೆಂಬರಿನಲ್ಲಿ ಬೆಳಿಗ್ಗೆ ಶಾಲು ಹೊದೆಯಬೇಕಾಗುತ್ತದೆ, ಫ್ಯಾನು ಹಾಕುವುದಿಲ್ಲ ಎಂದೆ. ಬಟಾಣಿ ಸೂಪು ಕುಡಿಯುತ್ತಿದ್ದ ಒಬ್ಬ ಸಿಸ್ಟರಿಗೆ ನಗುವಿನಲ್ಲಿ ಕೆಮ್ಮು ಹತ್ತಿತು.

ಮರುದಿನ ಬೆಳಿಗ್ಗೆ ಅಕ್ಕ ನನಗಿಂತ ಮೊದಲು ಎದ್ದು ಹೋಗಿದ್ದಳು. ಯಾರೋ ಕೊಟ್ಟ ಬೂಟು ಹಾಕಿಕೊಂಡು, ಹಿಮದಲ್ಲಿ ಅವಳ ಹೆಜ್ಜೆಯ ಗುಳಿಗಳಲ್ಲೇ ಕಾಲಿಡುತ್ತಾ ಕಟ್ಟಡದ ಹಿಂದೆ ಹೋದೆ. ಮೂಗಿನ ಒಳಗಿನ ಕೂದಲು ಕೂಡ ಗಟ್ಟಿಯಾಗುವಂಥ ಚಳಿ. ಹಳೆಯ ಮರದ ಕೊಟ್ಟಿಗೆಯ ಆಚೆಯಿಂದ ಒಂದು ಕೂಗು ಬಂತು.

“ಕುರ್ರ್ ಕುರ್ರ್ ಕುರ್ರ್, ಯೇ ಗೋ ಯೇ...”

ನಾನು ಅಲ್ಲೇ ನಿಂತುಬಿಟ್ಟೆ. ಅದು ನಮ್ಮ ಅಮ್ಮ ಕೋಳಿಗಳನ್ನು ಕರೆಯುತ್ತಿದ್ದ ಕೂಗು. ಬಾರೇ ಬಾ ಎಂದು ಅರ್ಥ. ಕೊನೆಯ ‘ಯೇ’ಯನ್ನು ಅಮ್ಮ ಎಳೆಯುತ್ತಿದ್ದಷ್ಟೇ ಅಕ್ಕ ಎಳೆಯುತ್ತಿದ್ದಳು. ವರ್ಕಾಡಿಯಲ್ಲಿ ಆ ಕೂಗು ಅಮ್ಮನ ಜೊತೆಗೆ ಮುಗಿದುಹೋಗಿತ್ತು. ನಾನು ಕೋಳಿಗಳನ್ನು ಕರೆಯುವುದು ಡಬ್ಬ ಬಡಿದು. ಇಲ್ಲಿ, ಅದರ ಒಂದಕ್ಷರ ಯಾರಿಗೂ ತಿಳಿಯದ ದೇಶದಲ್ಲಿ, ಅದು ಮೂವತ್ತೈದು ವರ್ಷ ದಿನಾ ಬೆಳಿಗ್ಗೆ ಕೇಳಿಬರುತ್ತಿತ್ತು.

ಕೂಗಿಗೆ ಕೊಟ್ಟಿಗೆಯ ಬಾಗಿಲಿನಿಂದ ಒಂದೊಂದಾಗಿ ಹೊರಬಂದವು. ಇಪ್ಪತ್ತಾರು ಹೇಂಟೆ, ಎರಡು ಹುಂಜ. ಎಲ್ಲವೂ ಅಚ್ಚ ಬಿಳಿ. ಹಿಮದಲ್ಲಿ ಮೊದಲು ಕಂಡದ್ದು ಹಳದಿ ಕಾಲು, ಹಳದಿ ಕೊಕ್ಕು ಮಾತ್ರ. ಮೈ ದುಂಡಗೆ, ಗರಿ ಹತ್ತಿಯ ಹಾಸಿಗೆಯಷ್ಟು ದಪ್ಪ. ತಲೆ ನೋಡಿ ನನಗೆ ಅಯ್ಯೋ ಅನಿಸಿತು. ಹುಂಜಕ್ಕೂ ಜುಟ್ಟಿಲ್ಲ. ಜುಟ್ಟಿರಬೇಕಾದಲ್ಲಿ ಕೆಂಪು ಕಡಲೆಯಷ್ಟು ದೊಡ್ಡ ಒಂದು ಗುಬುಟು. ಗಂಟಲ ಕೆಳಗೆ ಜೋಲುವ ತೊಗಲೂ ಇಲ್ಲವೆನ್ನುವಷ್ಟು ಚಿಕ್ಕದು.

“ಎಂತ ಇದು ಬಾಯ್, ಹುಂಜ ಅಂತ ಹೇಳ್ಲಿಕ್ಕೇ ಆಗುದಿಲ್ಲ. ನಮ್ಮ ಊರಲ್ಲಿ ಇದನ್ನು ಯಾರೂ ಕೋಳಿ ಅಂಕದ ಕಾಳಗಕ್ಕೆ ಬಿಡ್ಲಿಕ್ಕಿಲ್ಲ.”

“ನಮ್ಮ ಊರಿನ ಹುಂಜವನ್ನು ಇಲ್ಲಿ ತಂದು ಬಿಡು,” ಎಂದಳು. “ಒಂದೇ ದಿವಸ. ಆ ಜುಟ್ಟು ಉಂಟಲ್ಲ, ಹೆಪ್ಪುಗಟ್ಟಿ ಕಪ್ಪಾಗಿ ಉದುರಿ ಹೋಗ್ತದೆ. ನೋವಿಗೆ ತಿನ್ನುದು ಬಿಡ್ತದೆ. ಅದಕ್ಕೇ ಇಲ್ಲಿಯ ಒಬ್ರು ಸನ್ಯಾಸಿ, ಎಷ್ಟೋ ವರ್ಷ ಕೂತು, ಬೇರೆ ಬೇರೆ ಜಾತಿ ಸೇರಿಸಿ, ಜುಟ್ಟೇ ಇಲ್ಲದ ಕೋಳಿ ಮಾಡಿದ್ರು. ಷಾಂತ್‌ಕ್ಲೇರ್ ಅಂತ ಹೆಸ್ರು. ಸ್ಪಷ್ಟವಾಗಿ ಹಾಡುವವ ಅಂತ.”

ಎಲ್ಲರೂ ಕಂಪೆನಿ ಕೋಳಿಗೆ ಹೋದ ಮೇಲೆ ಈ ಜಾತಿ ಮುಗಿದೇಹೋಯಿತು ಎಂದು ಒಮ್ಮೆ ಪೇಪರಿನಲ್ಲಿ ಬಂದಿತ್ತಂತೆ. ಕಣ್ಣು ಕಾಣುತ್ತಿದ್ದ ಆ ಕಾಲದಲ್ಲಿ ಅದನ್ನು ಓದಿದ ಸಿಸ್ಟರ್ ಬ್ಲಾಂಶ್, “ಹಾಗಾದರೆ ನಾನು ಬೆಳಿಗ್ಗೆ ಕಾಳು ಹಾಕಿದ್ದು ದೆವ್ವಗಳಿಗೋ?” ಎಂದು ಕೇಳಿದ್ದರಂತೆ. ಇಂಥ ಕೋಳಿ ಇರುವ ಮನೆ ಈಗಲೂ ಇಡೀ ಪ್ರಾಂತ್ಯದಲ್ಲಿ ಬೆರಳೆಣಿಕೆಯಷ್ಟು ಎಂದು ಅಕ್ಕ ಹೇಳಿದಳು. ಹೇಳುತ್ತಾ ಒಂದು ಹೇಂಟೆಯನ್ನೆತ್ತಿ ನನ್ನ ಕೈಗೆ ಕೊಟ್ಟಳು. ಗರಿಯೊಳಗೆ ಬೆರಳು ಇಳಿಸಿದೆ. ಎರಡು ಗಂಟು ಒಳಕ್ಕೆ ಹೋದ ಮೇಲೆ ಮೈ ಸಿಕ್ಕಿತು. ಬಿಸಿ ರೊಟ್ಟಿಯ ಹಾಗಿತ್ತು.

“ಯಾವಾಗ ಹೊರಡುದು ನಾವು?” ಎಂದು ಕೇಳಿದೆ.

ಅವಳು ಕಾಳಿನ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಗಾಜಿನ ಮಳೆ

ನಾನು ಹೋಗಿ ಮೂರು ದಿನವಾಗಿತ್ತು. ಸೋಮವಾರ ಬೆಳಿಗ್ಗೆ ಮಳೆ ಶುರುವಾಯಿತು. ನನಗೆ ಖುಷಿಯೇ ಆಯಿತು. ಹಿಮ ನನಗೆ ಹೊಸದು, ಮಳೆ ಗೊತ್ತು. ಪೆಟ್ಟಿಗೆಯಿಂದ ಕೊಡೆ ತೆಗೆದು ಬಿಚ್ಚಿ ಹೊರಗೆ ಹೊರಟೆ. ಸಿಸ್ಟರುಗಳು ಕಿಟಕಿಯಿಂದ ಕೂಗಿದರು, ಕೈ ಬೀಸಿದರು. ನಾನೂ ಕೈ ಬೀಸಿದೆ.

ಈ ಮಳೆ ಬೀಳುವಾಗ ನೀರು, ಮುಟ್ಟಿದ ಕೂಡಲೇ ಗಾಜು. ಕೊಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ಕೊಡೆ ಕಬ್ಬಿಣದಷ್ಟು ಭಾರವಾಯಿತು. ಮುಚ್ಚಲು ಹೋದರೆ ಮುಚ್ಚಲಿಲ್ಲ. ತೆರೆದ ಕೊಡೆ ಬಾಗಿಲೊಳಗೆ ತೂರಲಿಲ್ಲ. ಮೆಟ್ಟಿಲ ಮೇಲೆ ನಾನೂ ಕೊಡೆಯೂ ಒಟ್ಟಿಗೆ ಜಾರಿ ಕೂತೆವು. ಅಡಿಗೆಮನೆಯ ಸಿಸ್ಟರ್ ಹೊರಬಂದು ಕೊಡೆಯನ್ನು ಅಲ್ಲೇ ಬಿಡಿಸಿ ನನ್ನನ್ನು ಮಾತ್ರ ಎಳೆದುಕೊಂಡರು. ನಾಲ್ಕು ದಿನ ಆ ಕೊಡೆ ಅಂಗಳದಲ್ಲಿ ಗಾಜಿನ ಅಣಬೆಯ ಹಾಗೆ ನಿಂತಿತ್ತು.

ಮಳೆ ನಿಲ್ಲಲಿಲ್ಲ. ಒಂದೊಂದು ಹುಲ್ಲಿನ ಕಡ್ಡಿಗೂ ಬೆರಳು ದಪ್ಪದ ಗಾಜು. ಮರಗಳು ತಲೆ ಬಾಗಿಸಿ ನೆಲ ಮುಟ್ಟಿದವು, ಆಮೇಲೆ ಮುರಿಯತೊಡಗಿದವು. ನಮ್ಮ ಊರಿನ ಇಗರ್ಜಿಯ ಸಾಂತುಮಾರಿ ಹಬ್ಬದಲ್ಲಿ ಸಿಡಿಸುವ ಕದಿನಗಳ ಹಾಗೆ ದೂರದ ಕಾಡಿನಿಂದ ಡಬ್, ಡಬ್ ಎಂಬ ಸದ್ದು. ಕರೆಂಟಿನ ದೊಡ್ಡ ಕಂಬಗಳು ಮಡಚಿ ಬಿದ್ದವೆಂದು ಜೆರಾರ್ ಬಂದು ಹೇಳಿದ. ದೀಪ ಹೋಯಿತು, ಹೀಟರು ಹೋಯಿತು, ನೀರು ಹೋಯಿತು. ಮಠದ ಊಟದ ಕೋಣೆಯಲ್ಲಿ ಹಳೆಯ ಕಟ್ಟಿಗೆ ಒಲೆ ಇದ್ದುದರಿಂದ ಊರಿನ ಮೂವತ್ತು ನಲವತ್ತು ಜನ ಹಾಸಿಗೆ ಹೊತ್ತುಕೊಂಡು ಬಂದರು. ಮಠ ಕಟ್ಟಿದಂದಿನಿಂದ ಇಷ್ಟು ಗದ್ದಲ ಕೇಳಿಲ್ಲವೆಂದು ಸಿಸ್ಟರ್ ಬ್ಲಾಂಶ್ ಸಂತೋಷಪಟ್ಟರು.

ಮೂರನೆಯ ದಿನ ಮಧ್ಯಾಹ್ನ ಕೊಟ್ಟಿಗೆಯ ಮಾಡಿನ ತೊಲೆ ಲಟಕ್ಕೆಂದಿತು. ಅಕ್ಕ ಕಿವಿಗೊಟ್ಟು ಕೇಳಿ, “ಇನ್ನು ನಿಲ್ಲುದಿಲ್ಲ ಅದು,” ಎಂದಳು. ಬೂಟಿನ ಮೇಲಿನಿಂದ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡರೆ ಜಾರುವುದಿಲ್ಲವೆಂದು ಹೇಳಿ ನನಗೂ ಒಂದು ಜೊತೆ ಎಸೆದಳು. ಇಬ್ಬರೂ ಸೇಬಿನ ಬುಟ್ಟಿಗಳಲ್ಲಿ ಕೋಳಿಗಳನ್ನು ಎರಡೆರಡಾಗಿ ತುಂಬಿ, ಮೇಲೆ ಗೋಣಿ ಮುಚ್ಚಿ, ಮಠದ ಬಟ್ಟೆ ಒಗೆಯುವ ಕೋಣೆಗೆ ಸಾಗಿಸಿದೆವು. ಏಳು ಸಲ ಹೋಗಿಬರಬೇಕಾಯಿತು. ನಾನು ಎರಡು ಸಲ ಬಿದ್ದೆ. ಎರಡು ಸಲವೂ ಬುಟ್ಟಿ ಬಿಡಲಿಲ್ಲ. ಕೊನೆಯ ಬುಟ್ಟಿ ಬಾಗಿಲು ದಾಟಿ ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಮಾಡು ಒಂದು ಬದಿಗೆ ಕುಸಿಯಿತು. ಅಕ್ಕ ತಿರುಗಿ ನೋಡಲಿಲ್ಲ. ಕೋಳಿಗಳನ್ನು ಎಣಿಸುತ್ತಿದ್ದಳು. ಇಪ್ಪತ್ತೆಂಟೂ ಇದ್ದವು.

“ಇಲ್ಲಿ ಒಲೆ ಇಲ್ಲ. ಊಟದ ಕೋಣೆಗೆ ತರುವನಾ?” ಎಂದೆ.

“ಬೇಡ. ಒಲೆ ಹತ್ರ ಇವಕ್ಕೆ ಸೆಖೆ ಆಗ್ತದೆ.”

ಮರುದಿನ ಬೆಳಿಗ್ಗೆ ಅವುಗಳ ನೀರಿನ ಬಟ್ಟಲಿನ ಮಂಜುಗಡ್ಡೆ ಒಡೆಯುತ್ತಾ ಇಬ್ಬರೇ ಕೂತಿದ್ದೆವು. ಆ ಚಳಿಯಲ್ಲೂ ಮೂರು ಮೊಟ್ಟೆ. ಅಕ್ಕ ಅವನ್ನು ಜೇಬಿನಲ್ಲಿಟ್ಟುಕೊಂಡು ಮುಗುಳ್ನಕ್ಕಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

“ಮಾಯ್ ಹೋಗುವಾಗ ನೀನು ಯಾಕೆ ಬರ್ಲಿಲ್ಲ?” ಎಂದೆ. ಅಮ್ಮನನ್ನು ನಾವು ಮಾಯ್ ಎಂದೇ ಕರೆಯುತ್ತಿದ್ದುದು. “ಕೋಳಿ ಅಂತ ಮಾತ್ರ ಹೇಳ್ಬೇಡ. ಮೂರು ದಿವಸ ಬಾಗಿಲು ನೋಡ್ತಾ ಮಲಗಿದ್ರು. ನಾನು ಬಾಗಿಲಲ್ಲಿ ನಿಂತ್ರೆ, ನೀನಾ ಜೂಲಿಯಾನಾ ಅಂತ ಕೇಳ್ತಿದ್ರು. ಅಲ್ಲ, ಐರಿನ್ ಅಂತ ಹೇಳ್ಬೇಕಿತ್ತು ನಾನು. ಪ್ರತಿ ಸಲ.”

ಅವಳು ಸುತ್ತಿಗೆ ಕೆಳಗಿಟ್ಟಳು.

“ಟಿಕೆಟ್ ಮಾಡಿ ಕೊಟ್ಟಿದ್ರು,” ಎಂದಳು. “ಜೆರಾರ್ ಏರ್‌ಪೋರ್ಟಿಗೆ ಬಿಟ್ಟ. ಬ್ಯಾಗ್ ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ. ಎಲ್ಲರನ್ನೂ ಕರೆದ್ರು. ನನ್ನ ಹೆಸರು ಮೈಕಿನಲ್ಲಿ ಎರಡು ಸಲ ಕೂಗಿದ್ರು. ನಾನು ಏಳ್ಲಿಲ್ಲ, ಐರಿನ್.”

“ಯಾಕೆ?”

“ಊರಿಗೆ ಬಂದಿದ್ರೆ ಇಲ್ಲಿಗೆ ವಾಪಸ್ ಬರ್ತಿರ್ಲಿಲ್ಲ ನಾನು. ನಿಮಗೆಲ್ಲ ನಾನು ಇಲ್ಲಿ ಸುಖವಾಗಿದ್ದೆ ಅಂತ ಅಂದಾಜು. ಇಪ್ಪತ್ತೇಳು ವರ್ಷ ಪ್ರತಿ ದಿವಸ ಓಡಿ ಬರ್ಬೇಕು ಅಂತ ಕಾಣ್ತಿತ್ತು. ದೇವರಿಗೆ ಮಾತು ಕೊಟ್ಟಿದ್ದೆ. ದಿನಾ ಬೆಳಿಗ್ಗೆ ಎದ್ದು, ಇವತ್ತೊಂದು ದಿವಸ ಇರುವ ಅಂತ ಹೇಳಿ ಇವಕ್ಕೆ ಕಾಳು ಹಾಕ್ಲಿಕ್ಕೆ ಹೋಗ್ತಿದ್ದೆ. ಮನೆಯ ಜಗಲಿ, ಮಾಯ್ ಮುಖ, ಒಮ್ಮೆ ಕಂಡ್ರೆ ಮುಗೀತು. ಅಷ್ಟೂ ವರ್ಷ ಇದ್ದದ್ದು ಸುಳ್ಳಾಗ್ತಿತ್ತು.”

“ಹಾಗೆ ಬರೀಬಹುದಿತ್ತಲ್ಲ. ಕೋಳಿ ಕೋಳಿ ಅಂತ ಯಾಕೆ ಬರ್ದದ್ದು?”

“ಕೋಳಿ ಅಂತ ಬರ್ದ್ರೆ ನೀವು ನಗಾಡ್ತೀರಿ,” ಎಂದಳು. “ಇದನ್ನು ಬರ್ದಿದ್ರೆ ಮಾಯ್ ಅಳ್ತಿದ್ರು.”

ನನಗೆ ಸಿಟ್ಟು ಹೋಯಿತೆಂದು ಹೇಳಲಾರೆ. ಮೂರು ದಿನ ಬಾಗಿಲು ನೋಡಿದವರು ನನ್ನ ಅಮ್ಮ. ಆದರೆ ವಿಮಾನ ನಿಲ್ದಾಣದ ಬೆಂಚಿನಲ್ಲಿ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತವಳೂ ಅಂದಿನಿಂದ ನನ್ನ ಕಣ್ಣ ಮುಂದೆ ಬಂದು ಕೂತಳು. ಕೋಳಿಯೊಂದು ಬಂದು ನಮ್ಮಿಬ್ಬರ ನಡುವೆ ನೀರು ಕುಡಿಯಿತು. ತಲೆ ಎತ್ತಿ ಗಂಟಲಿಗೆ ಇಳಿಸಿತು. ಇಬ್ಬರೂ ಅದನ್ನೇ ನೋಡಿದೆವು.

ಜೆರಾರ್‌ನ ಶೆಡ್

ಮಳೆ ನಿಂತ ಮೇಲೆ ನಿಜವಾದ ಚಳಿ ಇಳಿಯಿತು. ಕರೆಂಟು ಇನ್ನೂ ಬಂದಿರಲಿಲ್ಲ. ಜೆರಾರ್ ಎರಡು ದಿನ ಮಠದ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಅಕ್ಕ ನನ್ನನ್ನೂ ಕರೆದುಕೊಂಡು ಅವನಲ್ಲಿಗೆ ನಡೆದಳು.

ಅವನು ಶೆಡ್ಡಿನ ಹೊರಗೆ ಒಂದು ಬಕೆಟ್ ಮಗುಚಿ ಅದರ ಮೇಲೆ ಕೂತಿದ್ದ. ಒಳಗೆ ಸದ್ದೇ ಇರಲಿಲ್ಲ. ಮೊದಲು ಫ್ಯಾನು ನಿಂತಿತ್ತು, ಆಮೇಲೆ ನೀರಿನ ಪೈಪು ಹೆಪ್ಪುಗಟ್ಟಿತ್ತು, ಆಮೇಲೆ ಚಳಿ. ಬಾಡಿಗೆಗೆ ತಂದ ಜನರೇಟರು ಒಂದು ದಿನ ಓಡಿ ಕೆಟ್ಟಿತ್ತು. ಪಂಜರಗಳಲ್ಲಿ ಸಾಲುಸಾಲಾಗಿ ಬಿಳಿ ಕೋಳಿಗಳು, ದೊಡ್ಡ ದೊಡ್ಡ ಜುಟ್ಟಿನವು. ಜುಟ್ಟಿನ ತುದಿಗಳೆಲ್ಲ ಕಪ್ಪು. ಸಾಕಿದವಳಾದ್ದರಿಂದ ನನಗೆ ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಅಕ್ಕ ಗೋಡೆಗೆ ಒರಗಿಸಿದ್ದ ಸಲಿಕೆ ಎತ್ತಿಕೊಂಡು ಒಳಗೆ ಹೋದಳು. ನಾನು ಇನ್ನೊಂದನ್ನು ಎತ್ತಿಕೊಂಡೆ. ಸಂಜೆಯವರೆಗೆ ಮೂವರೂ ಸತ್ತ ಕೋಳಿಗಳನ್ನು ಹೊರಗೆ ಹಾಕಿದೆವು. ಮಧ್ಯೆ ಒಮ್ಮೆ ಜೆರಾರ್ ನನ್ನ ಕೈಯಿಂದ ಸಲಿಕೆ ತೆಗೆದುಕೊಂಡು, ತನ್ನ ಕೈಗವಸು ಬಿಚ್ಚಿ ನನಗೆ ತೊಡಿಸಿ, ಸಲಿಕೆ ವಾಪಸು ಕೊಟ್ಟ.

ಅವನು ಮಠಕ್ಕೆ ಬಂದದ್ದು ಮತ್ತೂ ನಾಲ್ಕು ದಿನ ಬಿಟ್ಟು. ಒಗೆಯುವ ಕೋಣೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. ಕೋಳಿಗಳು ಹುಲ್ಲು ಕೆದಕುತ್ತಿದ್ದವು. ಸಿಸ್ಟರ್ ಬ್ಲಾಂಶ್ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲೊಂದು ಹೇಂಟೆ ಇಟ್ಟುಕೊಂಡು ಜಪಮಾಲೆ ಹೇಳುತ್ತಿದ್ದರು. ಅವನು ಅವುಗಳನ್ನು ನೋಡಿ ಒಂದು ಮಾತು ಹೇಳಿದ. ಅಕ್ಕ ನನಗೆ ಅನುವಾದ ಮಾಡಲಿಲ್ಲ. ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

“ಎಂತ ಹೇಳಿದ?”

“ಮರಿ ಮಾಡಿಸಿ ಕೊಡ್ತೀಯಾ, ಸಾಕ್ತೇನೆ ಅಂತ.”

ಹೊರಡುವ ದಿನ

ನನ್ನ ವೀಸಾದ ದಿನಗಳು ಫೆಬ್ರವರಿಯ ಕೊನೆಗೆ ಮುಗಿಯುತ್ತಿದ್ದವು. ಅಕ್ಕನನ್ನು ನಾನು ಮತ್ತೆ ಕೇಳಿರಲಿಲ್ಲ. ಆ ಬೆಳಿಗ್ಗೆ ಪೆಟ್ಟಿಗೆ ಕಟ್ಟುವಾಗ ಅವಳೇ ಬಂದು ಹಾಸಿಗೆಯ ತುದಿಯಲ್ಲಿ ಕೂತಳು.

“ಬರ್ತೇನೆ. ಆದ್ರೆ ನಿನ್ನ ಸಂಗಡ ಅಲ್ಲ,” ಎಂದಳು. “ಏಪ್ರಿಲಿನಲ್ಲಿ ಇವು ಕಾವಿಗೆ ಕೂತ್ಕೊಳ್ತವೆ. ಜೆರಾರ್‌ಗೆ ಮಾತ್ರ ಕೊಟ್ರೆ ಸಾಲುದಿಲ್ಲ. ಐದಾರು ಮನೆಗೆ ಹಂಚ್ಬೇಕು. ಒಂದೇ ಮಾಡಿನ ಅಡಿಯಲ್ಲಿ ಎಲ್ಲ ಇರ್ಬಾರ್ದು ಅಂತ ಈ ಸಲ ಗೊತ್ತಾಯ್ತಲ್ಲ. ಬ್ಲಾಂಶ್‌ರನ್ನು ಪೇಟೆಯ ವೃದ್ಧಾಶ್ರಮಕ್ಕೆ ಬಿಟ್ಟು, ಅವ್ರಿಗೆ ಮಂಚ ಎಲ್ಲುಂಟು, ಬಾಗಿಲು ಎಲ್ಲುಂಟು ಅಂತ ಕೈಹಿಡಿದು ತೋರಿಸ್ಬೇಕು. ಅದೆಲ್ಲ ಆದ ಮೇಲೆ ಬರ್ತೇನೆ.”

“ಮತ್ತೆ ಏರ್‌ಪೋರ್ಟಿನಲ್ಲಿ ಕೂತುಬಿಟ್ರೆ?”

ಅವಳು ನಗಲಿಲ್ಲ. “ಈಗ ನನ್ನನ್ನು ನೋಡಿ ಓಡಿಬರುವವರು ಅಲ್ಲಿ ಯಾರೂ ಇಲ್ಲ. ಅದಕ್ಕೆ ಧೈರ್ಯ ಉಂಟು,” ಎಂದಳು. ಹೇಳಿದ ಮೇಲೆ ನನ್ನ ಮುಖ ನೋಡಿ, “ನೀನು ಇದ್ದಿ. ಅದು ಬೇರೆ,” ಎಂದು ಸೇರಿಸಿದಳು.

ಊರಿಗೆ ಬಂದು ವಿಕ್ಟರನಿಗೆ ಇದನ್ನೇ ಹೇಳಿದೆ. ಅವನು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ.

ವರ್ಕಾಡಿ, ಸೆಪ್ಟೆಂಬರ್

ಅವಳು ಬಂದಳು. ಆರು ಮನೆಗಳಿಗೆ ಮರಿ ಹಂಚಿ, ಸಿಸ್ಟರ್ ಬ್ಲಾಂಶ್‌ಗೆ ಹೊಸ ಕೋಣೆಯ ನಾಲ್ಕು ಮೂಲೆ ಪರಿಚಯ ಮಾಡಿಸಿ, ಒಂದೇ ಒಂದು ಪೆಟ್ಟಿಗೆ ಹಿಡಿದು ಬಂದಳು. ಮಂಗಳೂರಿನ ಕಾನ್ವೆಂಟಿಗೆ ಹೋಗುವ ಮೊದಲು ಎರಡು ದಿನ ನಮ್ಮ ಮನೆಯಲ್ಲಿರಲು ಅನುಮತಿ ಇತ್ತು. ಮೊದಲ ಬೆಳಿಗ್ಗೆಯೇ ಇಗರ್ಜಿಯ ಸಿಮಿತ್ರಿಗೆ ಹೋಗೋಣ ಎಂದಳು.

ಬಿಸಿಲು ಚೆನ್ನಾಗಿತ್ತು. ಅಮ್ಮನ ಶಿಲುಬೆಯ ಮೇಲಿನ ಹೆಸರನ್ನು ಬೆರಳಿನಿಂದ ಓದಿ, ಸಮಾಧಿಯ ಕಟ್ಟೆಯ ಮೇಲೆ ಕೂತಳು. ನಾನು ಮೇಣದ ಬತ್ತಿ ಹಚ್ಚಿ ಪಕ್ಕದಲ್ಲಿ ನಿಂತೆ. ಅವಳು ಆಮೇಲೆ ಮಾತಾಡತೊಡಗಿದಳು. ಮೆಲ್ಲಗೆ, ನಿಲ್ಲಿಸದೆ, ಒಂದೊಂದು ಕಡೆ ಸ್ವರ ಒಡೆಯುತ್ತಾ. ನಾನು ಕಿವಿಗೊಟ್ಟೆ. ಅದು ಕೊಂಕಣಿಯಲ್ಲ. ಅವಳು ಅಮ್ಮನೊಡನೆ ಫ್ರೆಂಚಿನಲ್ಲಿ ಮಾತಾಡುತ್ತಿದ್ದಳು.

ನಿಲ್ಲಿಸಬೇಕೆಂದು ಒಂದು ಕ್ಷಣ ಅನಿಸಿತು. ಅಮ್ಮನಿಗೆ ತಿಳಿಯುವ ಭಾಷೆಯಲ್ಲಿ ಹೇಳು ಎನ್ನಬೇಕೆಂದು ಅನಿಸಿತು. ಆದರೆ ಮೂವತ್ತೈದು ವರ್ಷ ಅವಳು ಅತ್ತದ್ದು, ತನ್ನನ್ನು ತಾನೇ ತಡೆದುಕೊಂಡದ್ದು, ಪ್ರಾರ್ಥಿಸಿದ್ದು ಎಲ್ಲ ಆ ಭಾಷೆಯಲ್ಲೇ ಆಗಿರಬೇಕು. ಹೇಳಬೇಕಾದದ್ದೆಲ್ಲ ಅಲ್ಲೇ ಉಳಿದಿರಬೇಕು. ನನಗೆ ಒಂದೇ ಒಂದು ಶಬ್ದ ತಿಳಿಯುತ್ತಿತ್ತು, ಅಮ್ಮ ಎನ್ನುವುದು. ಮಾಮಾಂ, ಮಾಮಾಂ ಎಂದು ಅದು ಮತ್ತೆ ಮತ್ತೆ ಬರುತ್ತಿತ್ತು.

ಅವಳು ಹೇಳಿ ಮುಗಿಸಲಿ ಎಂದು ನಾನು ಗೇಟಿನ ಹತ್ತಿರ ಹೋಗಿ ನಿಂತೆ.